ಮೈ ತಿಕ್ಕುವವನಿಗೆ ಮೂರು ಚುಕ್ಕಿ

ಟಿಬಿಲಿಸಿಯ ಹಳೇ ಪೇಟೆ. ಇಟ್ಟಿಗೆ ಗುಮ್ಮಟದ ಕೆಳಗೆ
ಗಂಧಕದ ಬಿಸಿನೀರು ನೆಲದಿಂದಲೇ ಉಕ್ಕುತ್ತದೆ.
ಕೊಳೆತ ಮೊಟ್ಟೆಯ ನಾತ. ಎರಡು ದಿನಕ್ಕೆ ಒಗ್ಗುತ್ತದೆ.
ನಾನು ಬಂದು ಇಪ್ಪತ್ತಾರು ವರ್ಷ,
ಹೆಂಡತಿಗೆ ಇನ್ನೂ ಒಗ್ಗಿಲ್ಲ.

ಒರಟು ಕೈಚೀಲ ತೊಟ್ಟು ಬೆನ್ನು ತಿಕ್ಕುವುದು ನನ್ನ ಕಸುಬು.
ಕಲ್ಲುಕಟ್ಟೆಯ ಮೇಲೆ ಬೋರಲು ಬಿದ್ದ ಗಂಡಸು
ಮೊದಲು ನರಳುತ್ತಾನೆ, ಆಮೇಲೆ ಮಾತಾಡುತ್ತಾನೆ.
ಫೋನು ಹೊರಗೆ, ಮರದ ಗೂಡಿನಲ್ಲಿ, ಅಂಗಿಯ ಜೊತೆ.
ಈ ಹಬೆಗೆ ಅದರ ಉಸಿರು ಕಟ್ಟುತ್ತದೆ.
ನಾವು ಉಸಿರು ಬಿಡುವುದು ಇಲ್ಲೇ.

ಟ್ಯಾಕ್ಸಿ ಓಡಿಸುವ ಗೋಚಾ ಬಂದ ಕೂಡಲೇ ಭಾಷಣ:
"ನೋಡಲಿ ಬಿಡಯ್ಯ, ಎಲ್ಲಾ ನೋಡಲಿ!
ಎಲ್ಲಿ ಹೋದೆ, ಏನು ತಿಂದೆ, ಯಾರ ಹತ್ತಿರ ಸಾಲ ಕೇಳಿದೆ,
ಮುಚ್ಚಿಡುವಂಥದ್ದು ನನ್ನಲ್ಲೇನಿದೆ?"
ಅನ್ನುತ್ತಲೇ ಹೊಟ್ಟೆಯ ಹೊಲಿಗೆ ಗುರುತಿನ ಮೇಲಿಂದ
ಟವಲು ಜಾರದಂತೆ ಹಿಡಿದಿರುತ್ತಾನೆ.
ನಾನು ನೋಡಿದ್ದೇನೆ ಅಂತ ಅವನಿಗೂ ಗೊತ್ತು.
ಅದು ಬೇರೆ, ಇದು ಬೇರೆ.

ಜುಂಬೆರ್, ಲಿಫ್ಟು ರಿಪೇರಿಯಿಂದ ನಿವೃತ್ತ,
ಲ್ಯಾಪ್‌ಟಾಪಿನ ಕಣ್ಣಿಗೆ ಗಾಯದ ಪಟ್ಟಿ ಅಂಟಿಸಿದ್ದಾನೆ.
"ಯಾರು ನೋಡ್ತಾರೋ ನಿನ್ನ ಮೋರೆ?" ಅಂದರೆ
"ಯಾರೂ ನೋಡಲ್ಲ, ಅದಕ್ಕೇ ಅನುಮಾನ" ಅನ್ನುತ್ತಾನೆ.
ಮೊಮ್ಮಗಳು ಹಾಕಿಕೊಟ್ಟ ಪಾಸ್‌ವರ್ಡು ಮರೆಯದಿರಲೆಂದು
ಫ್ರಿಜ್ಜಿನ ಬಾಗಿಲಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾನಂತೆ.
ಸತ್ತ ನಾಯಿಯ ಹೆಸರು. ನನಗೂ ಹೇಳಿದ.
ನಿಮಗೆ ನಾನು ಹೇಳುವುದಿಲ್ಲ.

ನನ್ನದೂ ಒಂದು ಉಂಟು.
ಮಂಡಿ ನೋವು ಅಂತ ರಾತ್ರಿ ಗೊಣಗಿದೆ, ಒಂದೇ ಸಲ.
ಬೆಳಗಾದರೆ ಫೋನಿನ ತುಂಬ ಮಂಡಿಗೆ ಮುಲಾಮು!
ಸಿಟ್ಟು ಬರಬೇಕಿತ್ತು. ಮನೆಯಲ್ಲಿ ಒಬ್ಬರಾದರೂ
ಕೇಳಿಸಿಕೊಂಡರಲ್ಲ ಅನ್ನಿಸಿತು.
ಒಂದು ಡಬ್ಬಿ ತರಿಸಿದೆ. ಏನೂ ಗುಣವಿಲ್ಲ.

ಚಳಿಗಾಲದಲ್ಲಿ ಶಿಯೋ ಅನ್ನುವ ಹುಡುಗ ಬರತೊಡಗಿದ.
ಪಾಲಿಕೆಯ ಹೊಸ ಕಾರಂಜಿ ಪೀಕದಾನಿಯ ಹಾಗಿದೆ
ಅಂತ ಬರೆದು ಚಿತ್ರ ಹಾಕಿದ್ದನಂತೆ.
ಅವನಿದ್ದ ಛಾಪಖಾನೆಗೆ ಪಾಲಿಕೆಯದೇ ಗುತ್ತಿಗೆ. ಕೆಲಸ ಹೋಯಿತು.
ಗೋಚಾ: "ಬಾಯಿದೆ ಅಂತ ಊರಿಗೆಲ್ಲ ಕೇಳಿಸಬೇಕಾ?"
ಜುಂಬೆರ್: "ಆ ಕಾಲದಲ್ಲಿ ನಾವು ಅಡುಗೆಮನೆ ನಲ್ಲಿ ಬಿಟ್ಟು
ನೀರಿನ ಸದ್ದಿನ ಮರೆಯಲ್ಲಿ ಮಾತಾಡ್ತಿದ್ದೆವು."
"ಈಗ ನೀರಿನ ಬಿಲ್ಲು ನೋಡಿಯೇ ಹಿಡೀತಾರೆ ತಾತ," ಅಂದ ಶಿಯೋ.
ನಾನು ಕೈಚೀಲ ಎತ್ತಿ, ಗುಮ್ಮಟ ಗುಂಯ್ ಅನ್ನುವ ಹಾಗೆ,
"ಅನ್ನಿಸಿದ್ದು ಅನ್ನಲಿ ಬಿಡ್ರಯ್ಯ! ಕಾರಂಜಿಗೇನು ನೋವಾಯ್ತಾ?" ಅಂದೆ.
ಎಲ್ಲರೂ ನಕ್ಕರು. ಆ ದಿನ ನನಗೇ ನಾನು ಹಿಡಿಸಿದೆ.

ಈಸ್ಟರ್ ಕಳೆದ ಮೇಲೆ ಒಡತಿ ಲಮಾರಾ
ಎಲ್ಲವನ್ನೂ ಫೋನಿಗೆ ಹಾಕಿಸಿದಳು. ಸರದಿ ಅಲ್ಲೇ, ದುಡ್ಡು ಅಲ್ಲೇ,
ಮಿಂದು ಹೋದವರು ಕೊಡುವ ಚುಕ್ಕಿಯೂ ಅಲ್ಲೇ.
ನನ್ನ ಹೆಸರಿನ ಮುಂದೆ ಐದಕ್ಕೆ ಮೂರು.
ಕೆಳಗೆ ಒಂದೇ ಸಾಲು:
ಕೈ ಚೆನ್ನಾಗಿದೆ, ಬಾಯಿ ಜಾಸ್ತಿ.
ಬರೆದವನ ಹೆಸರಿಲ್ಲ.

ಹೆಸರಿಲ್ಲದವನಿಗೂ ಬೆನ್ನು ಇರುತ್ತದೆ.
ಬಂದ ಪ್ರತಿ ಬೆನ್ನನ್ನೂ ನೋಡಿದೆ, ಇದೋ, ಇದೋ ಅಂತ.
ಮಚ್ಚೆ, ಬೊಕ್ಕೆ, ಹಳೇ ಬರೆ,
ಇಪ್ಪತ್ತಾರು ವರ್ಷ ಯಾರ ಮುಂದೆಯೂ ಆಡದವನು
ಈಗ ಅವನ್ನೇ ಸಾಕ್ಷಿಗೆ ಕರೆಯತೊಡಗಿದೆ.
ಇಬ್ಬರ ಚರ್ಮ ಕೆಂಪಗಾಗುವಷ್ಟು ತಿಕ್ಕಿದೆ, ತಪ್ಪಾಯಿತು.
ಅನ್ನಿಸಿದ್ದು ಅನ್ನಲಿ ಅಂದವನು ನಾನೇ ತಾನೆ?
ಕಾರಂಜಿಯ ಕಷ್ಟ ಸ್ವಲ್ಪ ಅರ್ಥವಾಯಿತು.

ಹತ್ತು ದಿನ ತುಟಿ ಹೊಲಿದುಕೊಂಡೆ.
ತೊಟ್ಟಿಯಲ್ಲಿ ನೀರು ಬೀಳುವ ಸದ್ದೊಂದೇ.
ಮಾತಿಲ್ಲದ ಹಬೆ ದಪ್ಪ ಅನ್ನಿಸುತ್ತದೆ.
ಗಿರಾಕಿಗಳು ಬೇಗ ಬೇಗ ಎದ್ದು ಹೋದರು.

ನಿನ್ನೆ ಗೋಚಾ ಬಂದ. ಭಾಷಣವಿಲ್ಲ.
ಕಟ್ಟೆಯ ಮೇಲೆ ಅಂಗಾತ ಮಲಗಿದ,
ಟವಲನ್ನು ತಾನಾಗಿಯೇ ಪಕ್ಕಕ್ಕೆ ಸರಿಸಿದ.
ಹೊಲಿಗೆ ಗುರುತು ಬಿಸಿಗೆ ಹೊಳೆಯುತ್ತಿತ್ತು.
ಗುಮ್ಮಟದ ಕಿಂಡಿ ನೋಡುತ್ತ ಹೇಳಿದ:
"ನಾನಲ್ಲಪ್ಪ, ಆಣೆಗೂ ನಾನಲ್ಲ."

ನಾನು ಕೇಳಿಯೇ ಇರಲಿಲ್ಲ.